ಶುಕ್ರನನ್ನು ತೋರಿಸಿದ ಅಳಿಯ

ಪಂಚಮಿ ಉಂಡಿ ತಿನ್ನಲು ಅಂಕಲಿಯ ತವರಿಗೆ ಹೋದ ಹೊಸ ಹೆಂಡತಿ ಕಸ್ತೂರಿ ಹಬ್ಬ ಮುಗಿದರೂ ಬರಲಿಲ್ಲ. ಶುಕ್ರ ಸೂರ್ಯನ ಬೆಳಕಿನಲ್ಲಿ ಮುಚ್ಚಿಹೋಗಿದ್ದಾನೆ, ಅವನು ಮತ್ತೆ ಕಾಣುವ ತನಕ ಹೊಸ ಮದುಮಗಳನ್ನು ಗಂಡನ ಮನೆಗೆ ಕಳಿಸಬಾರದು ಎಂದು ಕಸ್ತೂರಿಯ ತಾಯಿ ರುಕ್ಮವ್ವ ಹೇಳಿಕಳಿಸಿದ್ದಳು. ಇತ್ತ ಉಗಾರದಲ್ಲಿ ಟೇಲರ್ ಧರೆಪ್ಪ ತಾನೇ ಬಡಿದ ರೊಟ್ಟಿ ತಿಂದು ದವಡೆ ನೋಯಿಸಿಕೊಂಡಿದ್ದ. ಸೂರ್ಯ, ಶುಕ್ರ ಮೇಲೆ ಏನಾದರೂ ಮಾಡಿಕೊಳ್ಳಲಿ, ನಡುವೆ ಈ ಬಡ ಟೇಲರನಿಗೇಕೆ ಶಿಕ್ಷೆ?

ಶುಕ್ರ ಈಗ ಸೂರ್ಯನಿಗಿಂತ ಮುಂಚೆ ಏಳುತ್ತಿದ್ದಾನೆಂದು ಯಾರೋ ಹೇಳಿದ್ದೇ ತಡ, ಧರೆಪ್ಪ ಕತ್ತಲಲ್ಲೇ ಲೂನಾ ಹತ್ತಿ ಅಂಕಲಿಗೆ ಬಂದು ಬಾಗಿಲು ಬಡಿದ.

"ಅತ್ತಿ, ಹೊರಗ ಬರ್ರಿ! ಶುಕ್ರನ್ನ ತೋರಸ್ತೀನಿ."

"ಅಳಿಯಂದ್ರ, ಮೊದಲ ನನ್ನ ಮಾತ ಕೇಳ್ರಿ..."

"ಮಾತ ಬ್ಯಾಡ್ರಿ. ಕಣ್ಣೀಲೆ ನೋಡ್ರಿ!"

ಗದ್ದಲಕ್ಕೆ ಎದುರು ಮನೆಯ ಜಿನ್ನಪ್ಪ ಕಂಬಳಿ ಹೊದ್ದು ಬಂದ. ಆಕಾಶದ ತುಂಬ ಮೋಡ. ಧರೆಪ್ಪ ಜೋಳದ ಕಣಿಕೆಯ ಬಣವೆ ಹತ್ತಿ ಕೂಗಿದ: "ಅಗಾ ನೋಡ್ರಿ, ಹೊಳ್ಯಾಕತ್ತಾನ!"

"ಖರೇನ, ಶುಕ್ರ ನಡಕೋತ ಬರಾಕತ್ತಾನಲ್ರಿ!" ಎಂದ ಜಿನ್ನಪ್ಪ. ಹಾಲು ಮಾರುವ ಭೀಮಸಿ ಕಂದೀಲು ಹಿಡಿದು ಬರುತ್ತಿದ್ದ. "ಏನಾತ್ರಿ, ಹಾವ ಹೊಂಟೈತೇನು?" ಎನ್ನುತ್ತ ಅವನೂ ನಿಂತ.

ಎಲ್ಲರೂ ನಕ್ಕರು. ನಾಚಿದ ಧರೆಪ್ಪ ಕಾಲು ಜಾರಿ ನೇರ ತಿಪ್ಪೆಗೆ ಬಿದ್ದ.

"ಪೆಟ್ಟಾತೇನ್ರಿ?" ಕಸ್ತೂರಿ ಓಡಿಬಂದಳು.

"ಆಗ್ಲಿ ಬಿಡ. ಇವತ್ತ ನಿನ್ನ ಬಿಟ್ಟ ಹೋಗಂಗಿಲ್ಲ!"

ಅಷ್ಟರಲ್ಲಿ ಮೋಡ ಸರಿಯಿತು. ಹೊತ್ತು ಹುಟ್ಟುವ ದಿಕ್ಕಿಗೆ ಶುಕ್ರ ಫಳಫಳ ಹೊಳೆಯುತ್ತಿದ್ದ. ಧರೆಪ್ಪ ಸಗಣಿಗೈಯಲ್ಲೇ ಚಪ್ಪಾಳೆ ತಟ್ಟಿ ಕುಣಿದ.

ರುಕ್ಮವ್ವ ಹಣೆ ಬಡಿದುಕೊಂಡಳು. "ಅಯ್ಯ ಶಿವನ! ಅಂವ ಮೂಡಲಕ್ಕ ಅದಾನ. ನಿಮ್ಮೂರೂ ಮೂಡಲಕ್ಕ. ಶುಕ್ರಗ ಎದುರಾಗಿ ಹೊಸ ಮದುಮಗಳ್ನ ಕಳಸಬಾರ್ದರಿ. ಇನ್ನ ಅಂವ ಪಡುವಲಕ್ಕ ಹೋಗೂತನಕ ತಡೀಬೇಕು."

"ಅಷ್ಟರಾಗ ಮುಂದಿನ ಮಳಿಗಾಲ ಬರತೈತಿ," ಎಂದು ಜಿನ್ನಪ್ಪ ಸೇರಿಸಿದ.

"ನಿನ್ನಿತನಕ ಕಾಣಲಿಲ್ಲಂತ ಕಳಸಲಿಲ್ಲ, ಇವತ್ತ ಕಂಡಾನಂತ ಕಳಸಂಗಿಲ್ಲ! ಇದ್ಯಾವ ನ್ಯಾಯ ಅತ್ತಿ?"

"ನಂದೇನ್ರಿ ತಪ್ಪ? ಶುಕ್ರ ಎದ್ದಾನಂತ ಐನೋರು ನಿನ್ನಿನ ಹೇಳಿದ್ರು. ಮುಂಜಾನಿ ಬಸ್ಸಿಗೆ ನಾನ ಆಕಿನ್ನ ನಿಮ್ಮನಿಗೆ ಕರಕೊಂಡ ಬರಾಕಿದ್ದೆ. ಬುತ್ತಿನೂ ಕಟ್ಟೀನಿ. ಯಾವ ದಿಕ್ಕಂತ ನಾ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಎಳಕೊಂಡ ಬಂದ ತೋರಿಸಿದಾವ್ರು ನೀವ!"

ಹೊತ್ತು ಹುಟ್ಟಿದಾಗ ಲೂನಾ ಉಗಾರದ ದಾರಿ ಹಿಡಿಯಿತು. ಹಿಂದಿನ ಸೀಟಿನ ಮೇಲೆ ಬುತ್ತಿಯೊಂದೇ ಕೂತಿತ್ತು.