ಕಪ್ಪು ಮೀನಿನ ಆಯಸ್ಸು

ಮೀನುಗಳಿಗೆ ಮಾತು ಬರುವುದಿಲ್ಲವೆಂಬ ಒಂದೇ ಕಾರಣಕ್ಕೆ ಮನುಷ್ಯರು ಅವುಗಳ ಪರವಾಗಿ ಎಷ್ಟೆಲ್ಲ ಮಾತಾಡುತ್ತಾರೆ ಎಂಬುದು, ಪೆರಂಬೂರಿನ ನಮ್ಮ ಹೋಟೆಲಿಗೆ ಮೀನುತೊಟ್ಟಿ ಬಂದ ದಿನದಿಂದ ನನಗೆ ತಿಳಿಯುತ್ತಲೇ ಇದೆ. ಹೋಟೆಲು ಮಾವನವರದು, ಉಡುಪಿ ಕಡೆಯಿಂದ ಬಂದು ಅವರು ಕಟ್ಟಿ ಬೆಳೆಸಿದ್ದು. ನಾನು ಮೈಸೂರಿನಿಂದ ಸೊಸೆಯಾಗಿ ಬಂದವಳು. ರಸಾಯನಶಾಸ್ತ್ರ ಓದಿ, ಗಿಂಡಿಯ ಒಂದು ಪ್ರಯೋಗಾಲಯದಲ್ಲಿ ನೀರು ಪರೀಕ್ಷಿಸುವವಳು. ಹೋಟೆಲಿನ ಮೇಲಿನ ಮಹಡಿಯಲ್ಲೇ ನಮ್ಮ ಮನೆ. ನೀರಿನ ವಿಷಯವೆಂದ ಮೇಲೆ ತೊಟ್ಟಿಯ ಜವಾಬ್ದಾರಿ ನನ್ನ ಪಾಲಿಗೆ ಬಂದದ್ದರಲ್ಲಿ ಆಶ್ಚರ್ಯವಿರಲಿಲ್ಲ. ಆಶ್ಚರ್ಯಗಳೆಲ್ಲ ಆಮೇಲಿನವು.

೧. ಶುದ್ಧ ಸಸ್ಯಾಹಾರಿ

ಮೊದಲ ಮೀನುಗಳನ್ನು ಮಾವನವರೇ ಆರಿಸಿ ತಂದರು. ಆರಿಸಿದ ಕ್ರಮ ಸರಳವಾಗಿತ್ತು: ಕಣ್ಣಿಗೆ ಚೆಂದ ಕಂಡದ್ದು. ಅಂಗೈಯಗಲದ ಎರಡು ಏಂಜಲ್ ಮೀನುಗಳು; ಅವುಗಳ ಜೊತೆಗೆ, ಬೆಂಕಿಕಡ್ಡಿಗಿಂತ ಗಿಡ್ಡದಾದ, ಮೈಯಲ್ಲಿ ನೀಲಿ ಗೆರೆ ಮಿನುಗುವ ಹನ್ನೆರಡು ಟೆಟ್ರಾಗಳು. ವಾರ ಕಳೆಯುವುದರೊಳಗೆ ಹನ್ನೆರಡು ಏಳಾದವು.

"ಮನೆಗೆ ಬರುವ ಗಂಡಾಂತರವನ್ನು ಮೀನು ತನ್ನ ಮೇಲೆ ತಕ್ಕೊಳ್ತದೆ ಮಾರಾಯ್ತಿ. ಐದು ಗಂಡಾಂತರ ಕಳೀತು ಅಂತ ತಿಳ್ಕೋ," ಎಂದರು ಮಾವ.

"ಸತ್ತ ಮೀನು ಎಲ್ಲಿ ಮಾವ? ಒಂದೂ ತೇಲಲಿಲ್ಲವಲ್ಲ?"

"ಗಂಡಾಂತರದ ಜೊತೆ ಹೋಗ್ತದೆ."

ಏಂಜಲ್ ಮೀನುಗಳ ಹೊಟ್ಟೆ ದಿನೇ ದಿನೇ ಉಬ್ಬುತ್ತಿರುವುದನ್ನು ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟೆ.

ಮರುದಿನ ಮಧ್ಯಾಹ್ನ, ಊಟದ ಹೊತ್ತಿನಲ್ಲಿ, ತೊಟ್ಟಿಯ ಪಕ್ಕದ ಮೇಜಿನಲ್ಲಿ ಒಬ್ಬ ಹಿರಿಯರು ಮೊಮ್ಮಗಳೊಡನೆ ಕುಳಿತಿದ್ದರು. ಹುಡುಗಿ ಒಮ್ಮೆಲೇ ಎದ್ದು ನಿಂತು, ದೊಡ್ಡ ಮೀನು ಚಿಕ್ಕ ಮೀನನ್ನು ತಿಂದುಬಿಟ್ಟಿತೆಂದು ತಮಿಳಿನಲ್ಲಿ ಕೂಗಿಕೊಂಡಳು. ಏಂಜಲ್ ಮೀನಿನ ಬಾಯಿಯಿಂದ ಪುಟ್ಟ ಬಾಲವೊಂದು ಇನ್ನೂ ಹೊರಗೆ ಆಡುತ್ತಿತ್ತು. ಹಿರಿಯರು ಕೈಯಲ್ಲಿದ್ದ ತುತ್ತನ್ನು ಎಲೆಗಿಳಿಸಿ, ಬೋರ್ಡಿನ ಕಡೆ ತೋರಿಸಿ, "ಶುದ್ಧ ಸಸ್ಯಾಹಾರಿ ಅಂತ ಬರೆಸಿದ್ದೀರಲ್ಲ?" ಎಂದು ಕೇಳಿದರು.

ಗಿರಾಕಿಯ ದೂರಿಗೆ ವಿನಯದಿಂದಲೇ ಉತ್ತರಿಸಬೇಕೆಂಬುದು ಮಾವನವರ ಕಟ್ಟುನಿಟ್ಟು. ಅವರು ಎರಡೂ ಕೈ ಜೋಡಿಸಿ ಹೇಳಿದರು: "ಅದು ನಮ್ಮ ಅಡುಗೆಮನೆಯಲ್ಲಿ ಮಾಡಿದ್ದಲ್ಲ ಸಾರ್."

೨. ಹೊಂದಾಣಿಕೆ

ಆ ಭಾನುವಾರ ಏಂಜಲ್‌ಗಳನ್ನೂ ಉಳಿದ ಟೆಟ್ರಾಗಳನ್ನೂ ಹಿಂದಿರುಗಿಸಲು ನಾನೇ ಕೊಳತ್ತೂರಿನ ಮೀನಂಗಡಿಗೆ ಹೋದೆ. ಈ ಸಲ ಒಟ್ಟಿಗೆ ಬಾಳಬಲ್ಲ ಮೀನುಗಳನ್ನೇ ತರಬೇಕೆಂಬುದು ನನ್ನ ಸಂಕಲ್ಪ. ಮಾವನವರ ಷರತ್ತು ಬೇರೆಯಿತ್ತು: ವಾಸ್ತು ಬಲ್ಲವರೊಬ್ಬರು ಹೇಳಿದಂತೆ ಎಂಟು ಹೊಂಬಣ್ಣದವು, ಒಂದು ಕಪ್ಪು. ಗಂಡಾಂತರವನ್ನು ಹೊರುವುದು ಕಪ್ಪು ಮೀನಿನ ಕೆಲಸವಂತೆ.

ನಾನು ಪುಸ್ತಕ ತೆರೆದು ಒಂದೊಂದೇ ಕೇಳತೊಡಗಿದೆ. ಪೂರ್ತಿ ಬೆಳೆದರೆ ಎಷ್ಟು ಉದ್ದ? ಪಕ್ಕದವರ ರೆಕ್ಕೆ ಕಚ್ಚುವ ಅಭ್ಯಾಸವಿದೆಯೆ? ತಿನ್ನುವುದೇನು? ನಮ್ಮ ಬೋರ್‌ವೆಲ್ಲಿನ ಗಡಸು ನೀರು ಒಗ್ಗುತ್ತದೆಯೆ? ಅಂಗಡಿಯವರು ಮೊದಲು ಉತ್ಸಾಹದಿಂದ, ಆಮೇಲೆ ತಾಳ್ಮೆಯಿಂದ, ಕೊನೆಗೆ ಸ್ಟೂಲಿನ ಮೇಲೆ ಕುಳಿತು ಉತ್ತರಿಸಿದರು. ಒಂದು ಗಂಟೆಯ ನಂತರ ತೀರ್ಮಾನವಾಯಿತು: ಎಂಟು ಕಿತ್ತಳೆ ಬಣ್ಣದ ಪ್ಲಾಟಿ, ಒಂದು ಕಪ್ಪು ಮೋಲಿ. ಎಲ್ಲವೂ ಸಾಧು ಸ್ವಭಾವದವು, ಗಡಸು ನೀರನ್ನು ಇಷ್ಟಪಡುವವು.

ಚೀಲಕ್ಕೆ ಗಂಟು ಹಾಕುತ್ತ ಅವರು ಬಹಳ ಗಂಭೀರವಾಗಿ ಹೇಳಿದರು: "ಅಮ್ಮಾ, ಬರುವ ಭಾನುವಾರ ನನ್ನ ಮಗಳಿಗೆ ಗಂಡು ನೋಡಲು ಹೋಗುತ್ತಿದ್ದೇವೆ. ಆ ಪುಸ್ತಕ ತೆಗೆದುಕೊಂಡು ನೀವೂ ಬಂದರೆ ದೊಡ್ಡ ಉಪಕಾರವಾಗುತ್ತದೆ."

೩. ಒಗ್ಗರಣೆ

ಮೀನಿಗೆಂದು ತಂದ, ಒಣಗಿಸಿದ ಹುಳುಗಳ ಡಬ್ಬಿಯನ್ನು ಹೋಟೆಲಿನ ಹೊಸ್ತಿಲು ದಾಟಿಸಲು ಮಾವ ಬಿಡಲಿಲ್ಲ. ಪುಣ್ಯಕ್ಕೆ ಮೋಲಿ, ಪ್ಲಾಟಿಗಳಿಗೆ ಸೊಪ್ಪು ಪ್ರಿಯ. ಅಂಗಡಿಯಲ್ಲಿ ಸಿಗುವ ಪಾಚಿಯ ಬಿಲ್ಲೆಗಳ ಜೊತೆಗೆ ಬೇಯಿಸಿದ ಪಾಲಕ್ ಹಾಕಿದರಾಯಿತು. ಪಾಲಕ್ ಬೇಯಿಸುವ ಕೆಲಸ ಅಡುಗೆಯ ಭಟ್ಟರದು.

"ಉಪ್ಪು ಬೇಡ್ವಾ?" ಎಂದರು ಭಟ್ಟರು.

"ಬೇಡ."

"ಒಗ್ಗರಣೆ?"

"ಬೇಡ ಭಟ್ರೆ."

ಅವರಿಗೆ ಅದು ಅವಮಾನವೆನಿಸಿರಬೇಕು. ಸೊಪ್ಪು ಖಾಲಿಯಾಗುವವರೆಗೂ ತೊಟ್ಟಿಯ ಮುಂದೆ ಸೌಟು ಹಿಡಿದು ನಿಂತಿದ್ದರು. ಆಮೇಲೆ ಒಳಗೆ ಹೋಗುತ್ತ ಹೇಳಿದರು: "ಒಳ್ಳೇ ಜನ. ಎರಡನೇ ಸಲ ಸಾಂಬಾರ್ ಕೇಳದ ಗಿರಾಕಿಗಳು ಅಂದ್ರೆ ಇವರೇ."

೪. ಕಪ್ಪು ಮೀನು

ಮೀನುಗಳು ಚೆನ್ನಾಗಿದ್ದವು. ಕಷ್ಟ ಹುಟ್ಟಿದ್ದು ಅಲ್ಲಿಯೇ.

ಮೆಟ್ಟಿಲು ಹತ್ತುವಾಗ ಮಾವನವರಿಗೆ ಉಸಿರು ಕಟ್ಟತೊಡಗಿತು. ಹೃದಯದ ಕವಾಟ ಕಿರಿದಾಗಿದೆ, ಶಸ್ತ್ರಚಿಕಿತ್ಸೆಯನ್ನು ಮುಂದೂಡುವಂತಿಲ್ಲ ಎಂದರು ವೈದ್ಯರು. ಮಾವ ತಲೆಯಾಡಿಸಿ ಮನೆಗೆ ಬಂದು, ತೊಟ್ಟಿಯ ಮುಂದೆ ಕುರ್ಚಿ ಹಾಕಿಸಿಕೊಂಡರು.

"ಮೊದಲು ಇದು ಹೋಗ್ಲಿ," ಎಂದರು, ಕಪ್ಪು ಮೋಲಿಯನ್ನು ತೋರಿಸಿ. "ಇದು ಹೋದ್ರೆ ನನ್ನ ಗಂಡಾಂತರ ಹೋಯ್ತು ಅಂತ ಅರ್ಥ. ಆಮೇಲೆ ಧೈರ್ಯವಾಗಿ ಆಪರೇಷನ್."

ನಾನು ಪುಸ್ತಕ ತಂದು ತೋರಿಸಿದೆ. ಹಿಂದೆ ಸತ್ತ ಪ್ರತಿಯೊಂದು ಮೀನಿಗೂ ಕಾರಣ ಬರೆದಿತ್ತು. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಹಿಂದಿರುಗಿಸಿದರು.

"ಯಾಕೆ ಸತ್ತಿತು ಅಂತ ಬರ್ದಿದ್ದಿ ಮಾರಾಯ್ತಿ. ಯಾರಿಗಾಗಿ ಸತ್ತಿತು ಅಂತ ಬರೀಲಿಲ್ಲ."

ಅವರು ಹಟ ಮಾಡುತ್ತಿರಲಿಲ್ಲ, ಹೆದರಿದ್ದರು. ದಿನವೂ ಬೆಳಿಗ್ಗೆ ಕುರ್ಚಿಯಿಂದಲೇ ಕೇಳುತ್ತಿದ್ದರು: "ಎಂತ, ಹೇಗುಂಟು?"

"ಆರೋಗ್ಯವಾಗಿದೆ ಮಾವ."

ಅವರ ಮುಖ ಬಾಡುತ್ತಿತ್ತು. ಹೀಗೆ ಮೂರು ವಾರ ಕಳೆಯಿತು. ಅವರ ಕಾಲು ಊದಿಕೊಂಡಿತು. ಮೋಲಿಯ ಮೈ ಇನ್ನಷ್ಟು ಮಿರುಗಿತು. ಒಂದು ಮಧ್ಯಾಹ್ನ, ಊಟದ ಗಿರಾಕಿಗಳು ಹೋಗಿ ತಿಂಡಿಯವರು ಬರುವ ಮೊದಲು, ಗಾಳಿ ಊದುವ ಪಂಪಿನ ಸ್ವಿಚ್ಚಿನ ಮೇಲೆ ನನ್ನ ಬೆರಳಿತ್ತು. ಆರಿಸಿದ್ದರೆ ಒಂಬತ್ತೂ ಉಸಿರಿಗೆ ಒದ್ದಾಡುತ್ತಿದ್ದವು. ಮೋಲಿ ಗಾಜಿನ ಹತ್ತಿರ ಬಂದು, ಸೊಪ್ಪಿನ ಹೊತ್ತಾಯಿತೇನೋ ಎಂಬಂತೆ ಬಾಯಿ ತೆರೆಯಿತು. ನಾನು ಬೆರಳು ತೆಗೆದೆ.

ಎರಡು ದಿನಗಳ ಮೇಲೆ, ಬೆಳಿಗ್ಗೆ ಎಣಿಸಿದಾಗ ಎಂಟೇ ಇದ್ದವು. ನಾಲ್ಕು ಸಲ ಎಣಿಸಿದೆ. ಗಾಜಿನ ಮುಚ್ಚಳ ಮುಚ್ಚಿಯೇ ಇತ್ತು. ಪ್ಲಾಟಿಗಳು ತಮಗಿಂತ ದೊಡ್ಡ ಮೀನನ್ನು ನುಂಗಲಾರವು. ಮೇಜುಗಳ ಕೆಳಗೆ ಟಾರ್ಚು ಹಿಡಿದು ಹುಡುಕಿದೆ.

"ಸತ್ತ ಮೀನು ಎಲ್ಲೂ ಇಲ್ಲವಲ್ಲ!" ಎಂದೆ.

ಪಕ್ಕದಲ್ಲಿ ಲೋಟ ಒರೆಸುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: "ಗಂಡಾಂತರದ ಜೊತೆ ಹೋಗ್ತದೆ."

ಮಾವ ತೊಟ್ಟಿಯನ್ನು ಬಹಳ ಹೊತ್ತು ನೋಡಿದರು. "ಸರಿ, ಆಸ್ಪತ್ರೆಗೆ ಫೋನ್ ಮಾಡು," ಎಂದರು. ಅಂದು ನನ್ನ ಪುಸ್ತಕದಲ್ಲಿ 'ಕಾರಣ' ಎಂಬ ಅಂಕಣ ಮೊದಲ ಬಾರಿಗೆ ಖಾಲಿ ಉಳಿಯಿತು.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಮಾವ ಇನ್ನೂ ಆಸ್ಪತ್ರೆಯಲ್ಲಿದ್ದಾಗ, ಬಟ್ಟೆ ಒಣಹಾಕಲು ಹಿಂದಿನ ಬಾಲ್ಕನಿಗೆ ಹೋದವಳು, ತೆಳುಬಟ್ಟೆ ಕಟ್ಟಿದ ದೊಡ್ಡ ಸ್ಟೀಲ್ ಡಬರಿಯೊಂದನ್ನು ಕಂಡೆ. ಬಟ್ಟೆ ಸರಿಸಿದರೆ ಕಪ್ಪು ಮೋಲಿ ಬಾಯಿ ತೆರೆಯಿತು.

"ತಾಮ್ರದ ಹಂಡೆ ಆಗುದಿಲ್ಲ, ಮೀನು ಸಾಯ್ತದೆ ಅಂತ ನೀನೇ ಬರ್ದಿದ್ದಿ," ಎಂದರು ಹಿಂದೆ ನಿಂತಿದ್ದ ಅತ್ತೆ. "ನೀರು ಕೂಡ ತೊಟ್ಟಿದೇ ಹಾಕಿದ್ದೇನೆ. ಪುಸ್ತಕ ಪೂರ್ತಿ ಓದಿದೆ. ಅವರಿಗೆ ಮಾತ್ರ ಹೇಳ್ಬೇಡ."

ನಾನು ಹೇಳಬಾರದೆಂದೇ ಇದ್ದೆ. ಆದರೆ ಮನೆಗೆ ಬಂದ ಮಾವ ತೊಟ್ಟಿಯ ಮುಂದಿನ ಅದೇ ಕುರ್ಚಿಯಲ್ಲಿ, ಎದೆಗೆ ದಿಂಬು ಒತ್ತಿಕೊಂಡು ಕುಳಿತದ್ದನ್ನು ನೋಡಿದಾಗ, ಸುಳ್ಳನ್ನು ಒಳಗಿಟ್ಟುಕೊಳ್ಳುವುದು ನನ್ನಿಂದ ಆಗಲಿಲ್ಲ.

"ಮಾವ, ಆ ಕಪ್ಪು ಮೀನು ಸತ್ತಿಲ್ಲ."

"ಗೊತ್ತುಂಟು," ಎಂದರು ಅವರು. "ಬಾಲ್ಕನಿಯ ಡಬರಿಯಲ್ಲಿ ಉಂಟು. ನಿನ್ನ ಅತ್ತೆ ಅದನ್ನು ತಕ್ಕೊಂಡು ಮೆಟ್ಟಿಲು ಹತ್ತುದನ್ನು ನಾನೇ ನೋಡಿದ್ದೆ."

ನಾನು ಬೆರಗಾಗಿ ಕೇಳಿದೆ: "ಹಾಗಾದರೆ ಆಪರೇಷನ್ನಿಗೆ ಒಪ್ಪಿದ್ದು ಹೇಗೆ?"

ಮಾವ ಒಳಗೆ ಅತ್ತೆ ಇದ್ದ ಕಡೆ ನೋಡಿ ದನಿ ತಗ್ಗಿಸಿದರು.

"ಮೂರು ವಾರ ಕಾದೆ ಮಾರಾಯ್ತಿ. ನೀನು ನೀರು ನೋಡುದೆಂತ, ಸೊಪ್ಪು ಹಾಕುದೆಂತ, ಬರೆಯುದೆಂತ! ನಿನ್ನ ಕೈಯಲ್ಲಿ ಅದು ಸಾಯ್ಲಿಕ್ಕಿಲ್ಲ ಅಂತ ಖಾತ್ರಿ ಆಯ್ತು. ಇನ್ನೂ ಕಾಯ್ತಾ ಕೂತಿದ್ರೆ, ಆ ಮೀನಿನ ಗಂಡಾಂತರ ತಕ್ಕೊಂಡು ನಾನು ಹೋಗ್ತಿದ್ದೆ."