ಸುಬೇದಾರ್ ಮಾವನ ಅರ್ಧ ಕಂದಾಯ

ಆರನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದವನು ನಾನು. ಬೈಕಿಗೆ ಸಾಮಾನು ಕಟ್ಟಿಕೊಂಡು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಗ್ಯಾಸ್ ಒಲೆ ರಿಪೇರಿ ಮಾಡುತ್ತಾ ತಿರುಗುತ್ತೇನೆ. ಹಾಗೆ ತಿರುಗುವಾಗ ತಮಾಷೆಗಳು ಎಷ್ಟೋ ಕಣ್ಣಿಗೆ ಬೀಳುತ್ತವೆ. ಇದು ಮಾತ್ರ ನಡೆದದ್ದು ಆ ನಾಲ್ಕರಲ್ಲಿ ಒಂದೂರಲ್ಲಿ, ನಮ್ಮ ಓಣಿಯಲ್ಲೇ. ಯಾವೂರೆಂದು ಬಾಯಿ ಬಿಟ್ಟರೆ ಎದುರುಮನೆ ಅಜ್ಜಿ ನನ್ನನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

೧. ಕುರ್ಚಿ

ನಮ್ಮ ಸುಬೇದಾರ್ ಮಾವ ಗಡಿಯಲ್ಲಿ ಒಂದು ಕಾಲು ಕಳೆದುಕೊಂಡು ಬಂದವರು. ಅಂಥವರು ತಾವೇ ವಾಸವಿರುವ ಮನೆಗೆ ಅರ್ಧ ಕಂದಾಯ ಕಟ್ಟಿದರೆ ಸಾಕಂತೆ ಅಂತ ಎಲ್ಲೋ ಕೇಳಿ ಬಂದು ಹೇಳಿದವನು ನಾನೇ. ಮಾವ ಬೇಡ ಅಂದರು. ಅತ್ತೆ ಬಿಡಲಿಲ್ಲ. "ಕಾಲು ಪೂರ್ತಿ ಕೊಟ್ಟೀರಿ, ಕಂದಾಯ ಅರ್ಧ ಬಿಡಿಸ್ಕೊಳ್ಳಾಕೆ ಏನ್ ನಾಚ್ಕೆ?"

ಮನೆ ಕಂದಾಯದ ಕಚೇರಿಗೆ ಹೊರಟ ದಿನ ಮಾವ ಎರಡೂ ಬೂಟಿಗೆ ಪಾಲಿಶ್ ಹಾಕಿದರು. ಕೃತಕ ಕಾಲಿನ ಬೂಟಿಗೆ ತುಸು ಜಾಸ್ತಿಯೇ. ಒಳಗೆ ಕವಾಯತಿನ ಹಾಗೆ ನೆಟ್ಟಗೆ ನಡೆದರು. ಹಿಂದಿನ ದಿನವಷ್ಟೇ ಬೈಕಿಂದ ಬಿದ್ದಿದ್ದ ನಾನು ಕುಂಟುತ್ತಾ ಹಿಂದೆ ಹೋದೆ. ಗುಮಾಸ್ತರು ಎದ್ದು ತಮ್ಮ ಕುರ್ಚಿಯನ್ನೇ ನನ್ನ ಮುಂದೆ ಎಳೆದು, "ಕುಂದ್ರಿ ಸರ್, ದೇಶಕ್ಕೆ ಎಷ್ಟು ಮಾಡೀರಿ" ಅಂದರು. ಆಮೇಲೆ ಮಾವನ ಕಡೆ ತಿರುಗಿ, ನೀವು ಇವರಿಗೆ ಏನಾಗಬೇಕು ಅಂತ ಕೇಳಿದರು.

"ನಾನು ಇವರ ಡ್ರೈವರು ಸಾಹೇಬ್ರೆ," ಅಂದರು ಮಾವ. "ಮೊದ್ಲು ಇವರಿಗೆ ಒಂದು ಟೀ ಕೊಡ್ರಿ."

೨. ಓಣಿಯ ಒಗ್ಗಟ್ಟು

ನಗು ಮುಗಿದ ಮೇಲೆ ಅರ್ಜಿ ಸಲೀಸಾಗಿ ಹೋಯಿತು. ಇನ್ನುಳಿದದ್ದು ಒಂದೇ. ಮಾವ ಆ ಮನೆಯಲ್ಲೇ ವಾಸವಿದ್ದಾರೆ ಅಂತ ಬಿಲ್ ಕಲೆಕ್ಟರ್ ಬಂದು ನೋಡಿ ಬರೆಯಬೇಕು.

ಅವರು ಬಂದ ದಿನ ಮಾವ, ಅತ್ತೆ ಇಬ್ಬರೂ ಬಸವಾಪಟ್ಟಣದ ನೆಂಟರ ಮನೆಗೆ ಹೋಗಿದ್ದರು. ನಮ್ಮ ಓಣಿಯಲ್ಲಿ ಹಳೇ ಪದ್ಧತಿಯೊಂದಿದೆ. ಕಾಗದಪತ್ರದ ಚೀಲ ನೇತುಹಾಕಿಕೊಂಡವರು ಯಾರನ್ನೇ ಕೇಳಿಕೊಂಡು ಬಂದರೂ, ವಸೂಲಿಗೇ ಬಂದರೆಂದು, ಅಂಥವರು ಇಲ್ಲಿಲ್ಲ ಅಂದುಬಿಡುವುದು. ಎದುರುಮನೆ ಅಜ್ಜಿ ಮಾವನನ್ನು ಕಾಪಾಡಿಯೇ ಬಿಟ್ಟಳು. ಅವರು ಊರು ಬಿಟ್ಟು ವರ್ಷ ಆಯಿತು ಅಂದಳು. ಹಿಟ್ಟಿನ ಗಿರಣಿಯವನು ಅಜ್ಜಿಯ ನೆರವಿಗೆ ಬಂದು, ಎರಡು ವರ್ಷ ಅಂದ. ಬಿಲ್ ಕಲೆಕ್ಟರ್ 'ವಾಸವಿಲ್ಲ' ಅಂತ ಬರೆದುಕೊಂಡು ಹೋದರು.

ಸಂಜೆ ಆ ಉಪಕಾರಕ್ಕೆ ಅಜ್ಜಿ ಮಾವನ ಮನೆಯಲ್ಲಿ ಒಂದು ಲೋಟ ಕಾಫಿ ಕೇಳಿ ಕುಡಿದಳು.

೩. ಹಾಜರಿ

ನಾನು ಕಚೇರಿಗೆ ನಾಲ್ಕು ಸಲ ಅಲೆದ ಮೇಲೆ ಬಿಲ್ ಕಲೆಕ್ಟರ್, ಇನ್ನೊಂದೇ ಸಲ ಬರ್ತೀನಿ, ಆಗಲೂ ಸಿಗದಿದ್ದರೆ ಅರ್ಜಿ ವಾಪಸ್ ಅಂದರು. ವಿಷಯ ತಿಳಿದ ಅಜ್ಜಿ ಪೆಚ್ಚಾಗಿ, ವಾರವಿಡೀ ಕಟ್ಟೆ ಮೇಲೆ ಕೂತು ಕಾವಲು ಕಾದಳು.

ಅವರು ಬಂದದ್ದು ಮಟಮಟ ಮಧ್ಯಾಹ್ನ. ಅತ್ತೆ ರೇಷನ್ ತರಲು ಹೋಗಿದ್ದರು. ಮಾವ ಕಾಲು ಬಿಚ್ಚಿ, ಬೂಟಿಗೆ ಪಾಲಿಶ್ ಹಾಕಿ, ಬಾಗಿಲ ಬಳಿ ಗೋಡೆಗೆ ಒರಗಿಸಿಟ್ಟು ಒಳಗೆ ನಿದ್ದೆ ಹೋಗಿದ್ದರು. ಬಿಲ್ ಕಲೆಕ್ಟರ್ ಎರಡು ಸಲ ಕೂಗಿದರು. ಆಮೇಲೆ ಪೆನ್ನು ತೆಗೆದರು. ಪಕ್ಕದ ಕಟ್ಟೆಯಲ್ಲಿ ಒಲೆ ಬಿಚ್ಚಿಕೊಂಡು ಕೂತಿದ್ದ ನಾನು ಏಳುವ ಮೊದಲೇ ಅಜ್ಜಿ ಓಡಿ ಬಂದಳು.

"ಬರೀಬ್ಯಾಡಪ್ಪ, ಅವ್ರು ಒಳಗೇ ಅದಾರೆ."

"ಹೋದ್ಸಲ ಊರೇ ಬಿಟ್ಟಾರೆ ಅಂದೋರು ನೀವೇ ಅಲ್ವೇನಜ್ಜಿ? ನಿಮ್ಮನ್ನ ಹೆಂಗೆ ನಂಬ್ಲಿ?"

ಅಜ್ಜಿ ಬೂಟಿನ ಸಮೇತ ಕಾಲನ್ನೆತ್ತಿ ಅವರ ಕೈಗೇ ಕೊಟ್ಟಳು. "ನನ್ನ ನಂಬಬ್ಯಾಡ, ಇದನ್ನ ನಂಬು. ಕಾಲು ಮನೇಲಿ ಬಿಟ್ಟು ಮನುಷ್ಯ ಎಲ್ಲಿಗೆ ಹೋಗ್ತಾನೆ?"

ಬಿಲ್ ಕಲೆಕ್ಟರ್ ಕಾಲನ್ನು ಕಂಕುಳಲ್ಲಿ ಇಟ್ಟುಕೊಂಡೇ 'ವಾಸವಿದ್ದಾರೆ' ಅಂತ ಬರೆದರು. ಅಷ್ಟರಲ್ಲಿ ಒಳಗಿಂದ ಮಾವನ ದನಿ ಬಂತು.

"ಬರೆದಾದ್ಮೇಲೆ ಕಾಲು ಇತ್ಲಾಗೆ ಕೊಡ್ರಿ ಸಾಹೇಬ್ರೆ, ಬಂದು ಸಹಿ ಹಾಕ್ತೀನಿ."