ಸ್ಟೆಪ್ನಿ ಕ್ಯಾಚರ್‌ಗೆ ಬೀಳ್ಕೊಡುಗೆ

ಜನ ಆಟ ನೋಡಲು ಹೋದರೆ ಖುಷಿಯಾಗಿ ವಾಪಸ್ ಬರುತ್ತಾರೆ. ನಾನು ಎದೆ ಹಿಡಿದುಕೊಂಡು ಬರುತ್ತೇನೆ. ಅಮೆರಿಕದ ಸ್ಯಾನ್ ಹೊಸೆಗೆ ಬಂದ ಹೊಸದರಲ್ಲಿ ಫ್ರೀವೇಗೆ ಹೆದರಿದೆ, ಭೂಕಂಪಕ್ಕೆ ಹೆದರಿದೆ, ಎರಡಕ್ಕೂ ಹೇಗೋ ಹೊಂದಿಕೊಂಡೆ. ಬೇಸ್‌ಬಾಲಿಗೆ ಮಾತ್ರ ಇವತ್ತಿಗೂ ಹೆದರುತ್ತೇನೆ. ಆದರೂ ಹೋಗುವುದನ್ನು ಬಿಟ್ಟಿಲ್ಲ, ಹೋದಾಗಲೆಲ್ಲ ಏನಾದರೊಂದು ಆಗದೆಯೂ ಇಲ್ಲ.

ಇದಕ್ಕೆಲ್ಲ ಕಾರಣ ನಮ್ಮೂರ ಚಿಕ್ಕ ತಂಡದ ಎರಡನೇ ಕ್ಯಾಚರ್. ಕ್ಯಾಚರ್ ಅಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. ಬ್ಯಾಟು ಹಿಡಿದವನ ಹಿಂದೆ, ಮುಖಕ್ಕೆ ಜಾಲರಿ ಕಟ್ಟಿಕೊಂಡು ಕುಕ್ಕರಗಾಲಲ್ಲಿ ಕೂರುವವನು. ಎರಡನೇ ಕ್ಯಾಚರ್ ಅಂದರೆ ಕಾರಿನ ಸ್ಟೆಪ್ನಿ. ಮೊದಲನೆಯವನಿಗೆ ಏನಾದರೂ ಆಗುವ ತನಕ ಬೆಂಚು ಬಿಟ್ಟು ಏಳುವ ಹಾಗಿಲ್ಲ.

ಚೆಂಡು ಬಂತು

ಮೊದಲ ಸಲ ನಮ್ಮ ಯಜಮಾನರು ನನ್ನನ್ನೂ ಪಕ್ಕದ ಮನೆಯಾಕೆಯನ್ನೂ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂರಿಸಿದರು. ಪಕ್ಕದ ಮನೆಯಾಕೆ ಬೆಂಗಳೂರಿನ ಶಿವಾಜಿನಗರದವರು, ನಾನು ಹುಬ್ಬಳ್ಳಿಯವಳು. ನಮ್ಮಿಬ್ಬರ ಸ್ನೇಹ ಶುರುವಾದದ್ದೇ ಪುಕ್ಕಲುತನದಿಂದ. ಅವರೂ ಫ್ರೀವೇಯಲ್ಲಿ ಕಾರು ಓಡಿಸುವುದಿಲ್ಲ.

ಕೂತು ಇನ್ನೂ ಡಬ್ಬಿ ತೆರೆದಿಲ್ಲ, ಚೆಂಡು ನಮ್ಮ ಕಡೆಗೇ ಹಾರಿ ಬಂತು. ಸುತ್ತ ಇದ್ದವರೆಲ್ಲ ಅದನ್ನು ಹಿಡಿಯಲು ಎದ್ದು ನಿಂತರು. ನಾವಿಬ್ಬರು ಮಾತ್ರ ಕುರ್ಚಿಯ ಕೆಳಗೆ. ನಾನು ಚಿತ್ರಾನ್ನದ ಡಬ್ಬಿಯ ಮುಚ್ಚಳವನ್ನು ತಲೆಯ ಮೇಲೆ ಹಿಡಿದುಕೊಂಡಿದ್ದೆ. ಚೆಂಡು ಯಾರ ಕೈಗೂ ಸಿಗದೆ ಕಂಬಿಗೆ ಬಡಿದು ಮೈದಾನಕ್ಕೆ ವಾಪಸ್ ಬಿತ್ತು. ಕೆಲಸವಿಲ್ಲದೆ ನಿಂತಿದ್ದ ಈ ಎರಡನೇ ಕ್ಯಾಚರ್ ಅದನ್ನು ಎತ್ತಿಕೊಂಡು ಬಂದು, ಕಂಬಿಯ ಮೇಲಿಂದ ಬಗ್ಗಿ, ನಾನು ಎದ್ದು ಬರುವ ತನಕ ಕಾದು ನನ್ನ ಕೈಗೇ ಕೊಟ್ಟ. ನಾನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡೆ. ಅವತ್ತಿನಿಂದ ಅವನು ನಮ್ಮವನಾದ.

ಮಗಳು ಇಲ್ಲಿಯೇ ಹುಟ್ಟಿದವಳು. ಚೆಂಡನ್ನು ದೇವರ ಮನೆಯಲ್ಲಿ ನೋಡಿ, ಅದು ಮಣ್ಣಲ್ಲಿ ಹೊರಳಿದ್ದು ಅಂತ ಇಂಗ್ಲಿಷಿನಲ್ಲಿ ಗದರಿದಳು. ಅದಕ್ಕೇ ತೊಳೆದು ಕುಂಕುಮ ಹಚ್ಚಿದ್ದೇನೆ ಅಂದೆ.

ಯಾರ ಪ್ರಾರ್ಥನೆ?

ಆಮೇಲೆ ಎಷ್ಟು ಆಟಕ್ಕೆ ಹೋದರೂ ನಮ್ಮವನು ಬೆಂಚಿನ ಮೇಲೇ. ಸಂಕಟವಾಗುತ್ತಿತ್ತು. ಅವನಿಗೊಂದು ಅವಕಾಶ ಕೊಡಪ್ಪಾ ಅಂತ ನಾನು ದೀಪ ಹಚ್ಚಿ ಕೇಳಿಕೊಂಡೆ. ಪಕ್ಕದ ಮನೆಯಾಕೆ ಅವರ ಮನೆಯಲ್ಲಿ ದುವಾ ಮಾಡಿದರು. ಅದೇ ವಾರ ಮೊದಲನೇ ಕ್ಯಾಚರ್ ಮೊಣಕಾಲು ಉಳುಕಿಸಿಕೊಂಡು ಕುಂಟುತ್ತಾ ಹೊರಗೆ ಹೋದ.

ಸ್ಟೇಡಿಯಮ್ಮಿನಲ್ಲಿ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾವು ಕೇಳಿದ್ದು ಅವಕಾಶ. ಅದು ಬರುವ ದಾರಿ ಇನ್ನೊಬ್ಬರ ಮೊಣಕಾಲು ಅಂತ ನಮ್ಮ ತಲೆಗೆ ಹೊಳೆದೇ ಇರಲಿಲ್ಲ.

"ನಿಮ್ದೇ ಇರ್ಬೇಕು ರೀ," ಅಂದರು ಆಕೆ.

"ಇಲ್ರೀ, ನಿಮ್ಮದ ಇರಬೇಕು. ನಾ ಬರೇ ಎಣ್ಣೀ ದೀಪ ಹಚ್ಚೀನಿ, ತುಪ್ಪದ್ದಲ್ಲ."

"ನಾನು ಡಿಶ್‌ವಾಷರ್ ತುಂಬ್ತಾ ಕೇಳಿದ್ದು. ಅದು ಅಷ್ಟು ದೂರ ಹೋಗಿರಲ್ಲ."

ಪುಣ್ಯವನ್ನು ಅಷ್ಟು ಧಾರಾಳವಾಗಿ ಬಿಟ್ಟುಕೊಟ್ಟವರು ಬೇರೆ ಇರಲಿಕ್ಕಿಲ್ಲ. ಮರುದಿನ ದೇವಸ್ಥಾನಕ್ಕೆ ಹೋಗಿ, ಕೇಳಿಕೊಂಡದ್ದನ್ನು ವಾಪಸ್ ತೆಗೆದುಕೊಳ್ಳಬಹುದೇ ಅಂತ ಅರ್ಚಕರನ್ನು ಕೇಳಿದೆ. ಅಂಥ ಪೂಜೆ ಇಲ್ಲ ಅಂದರು. ಈ ದೇಶದ ಅಂಗಡಿಯಲ್ಲಿ ಮಲಗೆದ್ದ ಹಾಸಿಗೆಯನ್ನೂ ವಾಪಸ್ ತೆಗೆದುಕೊಳ್ಳುತ್ತಾರೆ. ದೇವರ ಹತ್ತಿರ ಆ ಸೌಲಭ್ಯವಿಲ್ಲ.

ಕಣ್ಣು ಮುಚ್ಚಿ ನೋಡಿದ ಆಟ

ಅಂತೂ ನಮ್ಮವನು ಆಡಲು ಇಳಿದ. ಆಗ ಹೊಸ ಭಯ. ಒಂದು ಚೆಂಡು ಅವನ ಹೆಗಲಿಗೆ ಬಡಿಯಿತು, ಇನ್ನೊಂದು ಮುಖದ ಜಾಲರಿಗೇ ಬಂತು. ಇಂಥ ಕೆಲಸವನ್ನು ನಾವೇ ಕೇಳಿ ಕೊಡಿಸಿದೆವಲ್ಲ! ನಾನು ಸೆರಗಿನಿಂದ ಕಣ್ಣು ಮುಚ್ಚಿಕೊಂಡೆ, ಪಕ್ಕದ ಮನೆಯಾಕೆ ದುಪಟ್ಟಾದಿಂದ. ಮಧ್ಯೆ ಕೂತ ಯಜಮಾನರು ನೋಡಿದ್ದನ್ನೆಲ್ಲ ಹೇಳುತ್ತಾ ಹೋದರು. ಟಿಕೆಟ್ ಕೊಂಡು, ಮುಂದಿನ ಸಾಲಿನಲ್ಲಿ ಕೂತು, ಇಡೀ ಆಟವನ್ನು ರೇಡಿಯೋದಲ್ಲಿ ಕೇಳಿದ ಹಾಗಾಯಿತು.

ಪೇಟ

ಮೊದಲನೆಯವನ ಮೊಣಕಾಲು ವಾಸಿಯಾಯಿತು, ನಮ್ಮವನು ಬೆಂಚಿಗೆ ಮರಳಿದ. ಸೀಸನ್ನಿನ ಕೊನೆಗೆ ಅವನು ಬೇರೆ ಊರಿನ ತಂಡಕ್ಕೆ ಹೋಗುತ್ತಾನೆ ಅಂತ ಸುದ್ದಿ ಬಂತು. ಹೋಗುವ ಮುಂಚೆ ಒಂದೇ ಒಂದು ಸಲ ಆಡಲಿ ಅಂತ ಜೀವ ಬಡಿದುಕೊಳ್ಳುತ್ತಿತ್ತು. ಆದರೆ ಕೇಳಿಕೊಳ್ಳಲು ಇಬ್ಬರಿಗೂ ಧೈರ್ಯವಿಲ್ಲ. ಕೈ ಮುಗಿದರೆ ಈ ಸಲ ಯಾರ ಏನು ಮುರಿಯುತ್ತದೋ.

ಕೊನೇಪಕ್ಷ ಸನ್ಮಾನ ಮಾಡಿಯೇ ಕಳಿಸೋಣ ಅಂತ ಯಜಮಾನರು ತಂಡದವರನ್ನು ಕಾಡಿ ಬೇಡಿ ಒಪ್ಪಿಸಿದರು. ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ಪೇಟ ತೊಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅಷ್ಟು ಜನರ ಮುಂದೆ ಪೇಟವನ್ನು ಎದೆಗವಚಿಕೊಂಡು ಮೈದಾನಕ್ಕೆ ಇಳಿದೆ. ಅವನೋ ತಾಳೆಮರದಷ್ಟು ಎತ್ತರ, ನನ್ನ ಕೈ ಅವನ ಗದ್ದಕ್ಕೂ ಎಟುಕಲಿಲ್ಲ. ಅವನು ಒಮ್ಮೆ ನನ್ನನ್ನು ನೋಡಿ, ಅಭ್ಯಾಸ ಬಲದಿಂದ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ಪೇಟ ತೊಡಿಸಿದೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನನಗೆ ಅಳು ಬಂತು.

ಅಷ್ಟರಲ್ಲಿ ಮೊದಲನೇ ಕ್ಯಾಚರ್ ಅವನನ್ನು ಅಪ್ಪಿಕೊಳ್ಳಲು ಬಂದ. ಅವನ ಮುಖ ನೋಡಿದ್ದೇ ನನಗೆ ತಡೆಯಲಾಗಲಿಲ್ಲ. ನಿಮ್ಮ ಮೊಣಕಾಲು ಉಳುಕಿದ್ದು ನಮ್ಮಿಬ್ಬರ ಪ್ರಾರ್ಥನೆಯಿಂದ, ಕ್ಷಮಿಸಿಬಿಡಿ ಅಂತ ಇದ್ದದ್ದೆಲ್ಲ ಇಂಗ್ಲಿಷಿನಲ್ಲಿ ಒದರಿಬಿಟ್ಟೆ. ಆರಡಿ ಆಳು, ನಗುತ್ತಲೇ ನನ್ನಿಂದ ಎರಡು ಹೆಜ್ಜೆ ಹಿಂದೆ ಸರಿದ.

ಅವತ್ತು ಆ ಮೊದಲನೆಯವನಿಗೆ ಏನೂ ಆಗಲಿಲ್ಲ, ಕೊನೆಯ ತನಕ ಗಟ್ಟಿಮುಟ್ಟಾಗಿ ಆಡಿದ. ನಮ್ಮವನು ಪೇಟ ಹಾಕಿಕೊಂಡೇ ಬೆಂಚಿನ ಮೇಲೆ ಕೂತಿದ್ದ. ಆಟ ಮುಗಿದ ಮೇಲೆ ಬೀಳ್ಕೊಳ್ಳಲು ಕಂಬಿಯ ಹತ್ತಿರ ಬಂದ. ಆಚೀಚೆ ನೋಡಿ, ಪೇಟ ಸರಿ ಮಾಡಿಕೊಂಡು, ಹೊಸ ತಂಡದ ಮೊದಲನೇ ಕ್ಯಾಚರ್ ಬಹಳ ಆರೋಗ್ಯವಂತ, ವರ್ಷವಿಡೀ ಒಂದು ದಿನವೂ ರಜೆ ಹಾಕುವವನಲ್ಲ ಅಂದ. ಆಮೇಲೆ ದನಿ ತಗ್ಗಿಸಿ ಕೇಳಿದ:

"ಮೊಣಕಾಲು ಬೇಡ. ಸಣ್ಣದೊಂದು ನೆಗಡಿ ಆದರೆ ಸಾಕು. ಪ್ರಯತ್ನ ಮಾಡುತ್ತೀರಾ?"

ಮನೆಗೆ ಬರುವಾಗ ಕಾರಿನಲ್ಲಿ ಪಕ್ಕದ ಮನೆಯಾಕೆ ನನ್ನ ಕೈ ಹಿಡಿದುಕೊಂಡು, "ನೆಗಡಿ ನೀವೇ ಕೇಳಿ ರೀ," ಅಂದರು. "ನಾನು ಕೇಳಿದ್ರೆ ನ್ಯುಮೋನಿಯಾ ಆಗ್ಬಿಡತ್ತೇನೋ ಅಂತ ಭಯ."